ನಕ್ಕರೂ ಮಾತ್ರೆಯ ಪ್ರಶ್ನೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆದರೆ ಜೋರಾಗಿ ನಕ್ಕರೂ ಮನೆಯವರು ಮಾತ್ರೆಯ ಬಗ್ಗೆ ಕೇಳುತ್ತಾರೆ ಎಂಬ ಇದೇ ದೂರು ಬೇರೆ ಬೇರೆ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನನ್ನ ಬಳಿ ಬರುವ ಯುವಕರೊಬ್ಬರಿಗೆ ಮೂವತ್ತರ ಆಸುಪಾಸು. ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಏರಿ ಉನ್ಮಾದವಾಗುವ, ಮತ್ತೊಮ್ಮೆ ಕುಸಿದು ಖಿನ್ನತೆಯಾಗುವ ಕಾಯಿಲೆ. ಎರಡು ಸಲ ಉನ್ಮಾದ, ನಡುವೆ ದೀರ್ಘ ಖಿನ್ನತೆ. ಈ ಏರಿಳಿತ ತಡೆಯುವ ಲಿಥಿಯಂ ಮಾತ್ರೆಯಿಂದ ಒಂದೂವರೆ ವರ್ಷ ಸ್ಥಿರವಾಗಿದ್ದರು, ರಕ್ತಪರೀಕ್ಷೆಯನ್ನೂ ತಪ್ಪಿಸುತ್ತಿರಲಿಲ್ಲ. ‘ನೆಮ್ಮದಿ ಬೇಕು’ ಎಂದು ಬಂದವರಿಗೆ ನಾನು ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ನಾಲ್ಕು ಭೇಟಿಗಳು ಅದರಲ್ಲೇ ಕಳೆದವು.

ಐದನೆಯ ಸಲ ಬಂದವರು ಕೂತ ತಕ್ಷಣ, “ಮಾತ್ರೆ ನಿಲ್ಲಿಸ್ಬೇಕು ಅನ್ಸ್ತಿದೆ ಮೇಡಂ” ಎಂದರು. ಮಾತ್ರೆಯ ಅಡ್ಡಪರಿಣಾಮವಾಗಿ ಕೈನಡುಕವೋ, ಅತಿಯಾದ ಬಾಯಾರಿಕೆಯೋ ಇರಬೇಕೆಂದುಕೊಂಡು ಕೇಳಿದೆ. ಅದೇನಿಲ್ಲವಂತೆ.

“ಮೊನ್ನೆ ಟೀವಿ ನೋಡ್ತಾ ಜೋರಾಗಿ ನಕ್ಕೆ. ಒಳಗಿಂದ ಅಮ್ಮ, ‘ಮಾತ್ರೆ ತಗೊಂಡ್ಯೇನೋ?’ ಅಂದ್ರು. ಅವತ್ತಿಂದ ನಗೋದು ಬಿಟ್ಟೆ. ಈಗ ಎಲ್ರೂ ಹೇಳ್ತಾರೆ, ನಿನ್ನ ಮುಖ ಎಷ್ಟು ಶಾಂತವಾಗಿದೆ ಅಂತ.”

ನನಗೆ ಮಾತು ಹೊರಡಲಿಲ್ಲ. ಆ ಮುಖವನ್ನು ನಾನೂ ಮೆಚ್ಚಿಕೊಂಡಿದ್ದೆ, ಅಭ್ಯಾಸ ಫಲಿಸುತ್ತಿದೆ ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೂ ಇದ್ದೆ.

ಅವರ ಒಪ್ಪಿಗೆ ಪಡೆದು ತಾಯಿಯನ್ನು ಕರೆಸಿದೆ. ಅವರನ್ನು ದೂರುವಂತಿರಲಿಲ್ಲ. “ಮೊದಲನೇ ಸಲ ಮಗ ಖುಷಿಯಾಗಿದ್ದಾನೆ ಅಂತ ಸುಮ್ನಿದ್ದೆ. ಆಮೇಲೆ ಆಸ್ಪತ್ರೆಗೆ ಸೇರಿಸ್ಬೇಕಾಯ್ತು” ಎಂದರು. ಸುಟ್ಟ ಕೈ ಬೆಂಕಿಗೆ ಹೆದರುವುದು ಸಹಜ.

ತಾಯಿಗೆ ಹೇಳಿದ್ದು ಇಷ್ಟು: ನಗುವಿನ ಮೇಲೆ ಕಣ್ಣಿಡಬೇಡಿ, ನಿದ್ದೆಯ ಮೇಲೆ ಕಣ್ಣಿಡಿ. ಖುಷಿಯಾದವನೂ ರಾತ್ರಿ ನಿದ್ದೆಗೆಟ್ಟರೆ ಬೆಳಿಗ್ಗೆ ದಣಿದಿರುತ್ತಾನೆ. ಮೂರು ಗಂಟೆ ಮಲಗಿ, ದಣಿವೇ ಇಲ್ಲದೆ ಎದ್ದು, ಮಾತು, ಖರ್ಚು, ಯೋಜನೆ ಎಲ್ಲವೂ ಏರತೊಡಗಿದರೆ ಅದು ಬೇರೆ ಸಂಗತಿ, ಉನ್ಮಾದದ ಸುಳಿವು. ಅಂಥ ಎರಡು ರಾತ್ರಿ ಕಂಡರೆ ಮನೋವೈದ್ಯರಿಗೆ ಫೋನ್ ಮಾಡುವುದೆಂದು ಮಗನೇ ತನ್ನ ಕೈಯಾರೆ ಬರೆದ. ಚೆನ್ನಾಗಿರುವಾಗಲೇ ಬರೆಯಬೇಕು, ಉನ್ಮಾದ ಏರಿದ ಮೇಲೆ ಅದು ಏರಿದ್ದು ಕಾಯಿಲೆಯವರಿಗೆ ಹೆಚ್ಚಾಗಿ ಗೊತ್ತಾಗುವುದಿಲ್ಲ. ಮಾತ್ರೆಯ ಪ್ರಶ್ನೆ ದಿನಕ್ಕೆ ಒಂದೇ ಸಲ, ರಾತ್ರಿ, ತಾಯಿಯಿಂದ ಮಾತ್ರ. ಮಲಗುವ ಹೊತ್ತು, ಏಳುವ ಹೊತ್ತು ರಜಾದಿನವೂ ಬದಲಾಗಕೂಡದು.

ಮಗನಿಗೆ ಹೇಳಿದ್ದು ಕಟುವಾಗಿತ್ತು. ಲಿಥಿಯಂ ಅನ್ನು ಏಕಾಏಕಿ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು, ಮನೆಯವರ ಮೇಲಿನ ಸಿಟ್ಟನ್ನು ಮಾತ್ರೆಯ ಮೇಲೆ ತೀರಿಸಿಕೊಳ್ಳಬೇಡಿ, ಬಿಡುವ ಯೋಚನೆ ಬಂದದ್ದನ್ನು ವೈದ್ಯರಿಗೆ ನೀವೇ ಹೇಳಿ ಎಂದೆ.

ಕಾವಲು ಸಡಿಲಿಸಿದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಇಡೀ ದಿನದ ಕಾವಲಿನಲ್ಲಿರುವವರು ಲಕ್ಷಣ ಮುಚ್ಚಿಡುವುದನ್ನು ಕಲಿಯುತ್ತಾರೆ. ಇವರು ನಗುವನ್ನೇ ಮುಚ್ಚಿಟ್ಟಿದ್ದರಲ್ಲ!

ಹೋದ ಸಲ ಬಂದಾಗ ತಾಯಿಯ ಬಗ್ಗೆ ಕೇಳಿದೆ. ನಗು ಕೇಳಿಸಿದರೆ ಈಗಲೂ ಬಾಗಿಲ ತನಕ ಬಂದು ಇಣುಕುತ್ತಾರಂತೆ. ಏನೂ ಕೇಳದೆ ಒಳಗೆ ಹೋಗುತ್ತಾರಂತೆ.