ಸಾಕೆನ್ನುವುದು ಯಾವಾಗ?

ಮಾನ್ಯ ಓದುಗರೆ,

ಸ್ವಂತ ಮನೆ, ನಿಯತವಾದ ವರಮಾನ, ಆರೋಗ್ಯವಂತ ಮಕ್ಕಳು ಇದ್ದೂ, ದೇವರಿಗೆ ಕೈಮುಗಿದು ಎದ್ದ ಮರುಗಳಿಗೆಯಲ್ಲೇ ಬಂಧುಗಳ ಏಳಿಗೆ ನೆನಪಾಗಿ ಮನಸ್ಸು ಕಲಕುತ್ತದೆ, ಸಾಲ ಮಾಡಿ ಇನ್ನೊಂದು ಮನೆ ಕೊಳ್ಳೋಣವೆನಿಸುತ್ತದೆ, ಇದು ನನ್ನ ನಂಬಿಕೆಯ ಕೊರತೆಯೇ ಎಂದು ಕೇಳಿದ್ದೀರಿ.

ಕೊರತೆಯೆಂದು ನಾನು ಭಾವಿಸುವುದಿಲ್ಲ. ದೊರೆತದ್ದಕ್ಕೆ ಬೇಗನೆ ಒಗ್ಗಿಹೋಗಿ ದೊರೆಯದ್ದರ ಕಡೆಗೆ ತಿರುಗುವುದು ಮನಸ್ಸಿನ ಸ್ವಭಾವ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದ 22 ಮಂದಿಯನ್ನು ಕುರಿತು 1978ರಲ್ಲಿ ಪ್ರಕಟವಾದ ಅಧ್ಯಯನವು ಚಿಕ್ಕದಾದರೂ ಯೋಚನೆಗೆ ಹಚ್ಚುವಂಥದ್ದು: ಅವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ, ಅಷ್ಟೇ ಅಲ್ಲ, ಗೆಳೆಯರೊಡನೆ ಮಾತಾಡುವುದು, ಪತ್ರಿಕೆ ಓದುವುದು ಮುಂತಾದ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷವೂ ಇತರರಿಗಿಂತ ಕಡಿಮೆಯಿತ್ತು.

ನಿಮಗಿಂತ ಕೆಳಗಿನವರನ್ನು ನೋಡಿ ತೃಪ್ತಿಪಡಿ ಎಂದು ಅನೇಕರು ಬುದ್ಧಿ ಹೇಳುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದು ಇನ್ನೊಬ್ಬರ ಸಂಕಟವನ್ನು ನಮ್ಮ ಸಮಾಧಾನಕ್ಕೆ ಬಳಸಿಕೊಳ್ಳುತ್ತದೆ. ಮೇಲಾಗಿ, ಕೆಳಗೆ ನೋಡಿ ಅಳೆಯಲು ಕಲಿತ ಕಣ್ಣು ಮೇಲೆ ನೋಡಿ ಅಳೆಯುವುದನ್ನೂ ಬಿಡುವುದಿಲ್ಲ. ಕೃತಜ್ಞತೆ ನೋಡಬೇಕಾದದ್ದು ಕೊಟ್ಟವರ ಕಡೆಗೆ. ಹೆತ್ತವರು, ಕಲಿಸಿದವರು, ಹೆಸರೇ ತಿಳಿಯದ ಎಷ್ಟೋ ಜನರ ದುಡಿಮೆ, ಅವೆಲ್ಲದರ ಹಿಂದೆ ನೀವು ನಂಬಿದ ದೇವರು. ನನಗಿರುವುದೆಲ್ಲ ನನ್ನ ಯೋಗ್ಯತೆಯೊಂದರಿಂದಲೇ ಬಂದದ್ದಲ್ಲ ಎಂಬುದು ಮನಸ್ಸಿಗೆ ನಾಟಿದರೆ, ಇನ್ನೊಬ್ಬರಿಗೆ ಬಂದದ್ದು ನನ್ನಿಂದ ತಪ್ಪಿಹೋದದ್ದು ಎಂಬ ನೋವು ತಾನಾಗಿಯೇ ಸಡಿಲವಾಗುತ್ತದೆ.

ಹಾಗೆಂದು ಸಂತೃಪ್ತಿಯೆಂದರೆ ಕೈಕಟ್ಟಿ ಕೂರುವುದಲ್ಲ. 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರಬಹುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಅವಳು ಹೇಳಿದಳು. ಅವಳು ನಿಲ್ಲಿಸಿದ್ದು ದುಡಿಮೆಯನ್ನಲ್ಲ, ಕೂಡಿಡುವುದನ್ನು. ಬಡತನದಲ್ಲಿದ್ದವಳೇ ತನ್ನ ಮಿತಿಯನ್ನು ತಾನೇ ನಿರ್ಧರಿಸಿದಳು ಎಂಬುದನ್ನೂ ಮರೆಯಬಾರದು. ನ್ಯಾಯವಾದ ಕೂಲಿ ಕೇಳುವವರಿಗೆ, ಹೊಟ್ಟೆಗಿಲ್ಲದವರಿಗೆ, ಇದ್ದುದರಲ್ಲಿ ತೃಪ್ತಿಪಡಿ ಎಂದು ಹೊರಗಿನವರು ಉಪದೇಶಿಸುವುದು ಅನ್ಯಾಯ.

ಇನ್ನು ಮನೆಯ ವಿಚಾರ. ಅದರಲ್ಲಿ ವಾಸಿಸುವವರು ಯಾರು, ಸಾಲ ತೀರುವವರೆಗೆ ಮಕ್ಕಳೊಡನೆ ಕಳೆಯುವ ಹೊತ್ತಿನಲ್ಲಿ ಎಷ್ಟನ್ನು ಬಿಟ್ಟುಕೊಡಬೇಕಾಗುತ್ತದೆ, ಬಂಧುಗಳು ಆ ಮನೆಯನ್ನು ನೋಡಲೇ ಇಲ್ಲವೆಂದರೂ ಅದು ನಿಮಗೆ ಬೇಕೇ ಎಂಬುದನ್ನು ಮನೆಯವರೊಡನೆ ಕುಳಿತು ಮಾತಾಡಿ. ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ, ದೈವಭಕ್ತಿಗೆ ಕುಂದೆಂದು ಅಳುಕದೆ ಕೊಳ್ಳಿ.

— ಸಂಪಾದಕ