ಪೇಟೆ ರೊಟ್ಟಿ ಬಂದ ದಿನದಿಂದ ಅತ್ತೆ ಉಣ್ಣುತ್ತಿಲ್ಲ

ಆಪ್ತ ಸಲಹೆಗೆಂದು ನನ್ನ ಬಳಿ ಬಂದ ಒಂದು ಕುಟುಂಬದ ಕಥೆ ಇದು, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬಾಗಲಕೋಟೆ ನವನಗರದ ಒಂದು ಸೆಕ್ಟರಿನ ಮನೆ. ಸೊಸೆ ಖಾಸಗಿ ಶಾಲೆಯಲ್ಲಿ ಟೀಚರ್, ವಯಸ್ಸು ಮೂವತ್ತೈದರ ಆಸುಪಾಸು. ಗಂಡ ಪತ್ತಿನ ಸಂಘವೊಂದರಲ್ಲಿ ಕ್ಲರ್ಕ್. ಇಬ್ಬರು ಮಕ್ಕಳು. ಎಪ್ಪತ್ತರ ಹತ್ತಿರದ ಅತ್ತೆಗೆ ಶುಗರ್ ಇದೆ.

ಮೊದಲು ಬಂದವರು ಸೊಸೆ, ಒಬ್ಬರೇ. “ಅತ್ತಿಯವರು ಊಟಾನ ಬಿಟ್ಟಾರ್ರೀ ಮೇಡಂ. ಚಹಾದಾಗ ಬಿಸ್ಕಿಟ್ ಅದ್ದಿ ತಿಂತಾರ. ಸೊಸಿ ಪ್ಯಾಟಿ ರೊಟ್ಟಿ ಹಾಕ್ತಾಳ ಅಂತ ಓಣಿ ಮಂದಿ ಮುಂದೆಲ್ಲಾ ಹೇಳ್ಯಾರ.”

ಅವರ ಬೆಳಗು ಹೇಗಿರುತ್ತದೆ ಎಂದು ಕೇಳಿದೆ. ನಾಲ್ಕೂವರೆಗೆ ಏಳುತ್ತಾರೆ. ನಳ ಬರುವ ದಿನ ಇನ್ನೂ ಬೇಗ. ಎಸರಿಟ್ಟು, ಹಿಟ್ಟು ನಾದಿ, ಎರಡೂ ಹೊತ್ತಿಗಾಗುವಷ್ಟು ರೊಟ್ಟಿ ಬಡಿದು, ಪಲ್ಯ ಮಾಡಿ, ಮಕ್ಕಳ ಡಬ್ಬಿ ಕಟ್ಟಿ, ಎಂಟಕ್ಕೆ ಬಸ್ಸು ಹಿಡಿಯಬೇಕು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟಿಲ್ಲ. ಬಿಸಿ ನೀರು ಹಾಕಿ ಆಗಾಗ ನಾದಿಕೊಂಡೇ ಬಡಿಯಬೇಕು, ಸುಮ್ನೆ ಬಿಟ್ಟರೆ ಅಂಚು ಸೀಳುತ್ತದೆ. ‘ರಾತ್ರಿನೇ ಕಲಸಿ ಫ್ರಿಜ್ಜಿನಲ್ಲಿಡಿ’ ಎನ್ನುವವರು ಒಮ್ಮೆ ಬಡಿದು ನೋಡಬೇಕು. ಇವರ ಬಲಭುಜ ನೋಯತೊಡಗಿತ್ತು. ಸ್ವಲ್ಪ ದಿನ ರೊಟ್ಟಿ ಬಡಿಯೋದು ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಹತ್ತಿರದ ರೊಟ್ಟಿ ಕೇಂದ್ರದಿಂದ ತರಿಸಲು ಶುರು ಮಾಡಿದ್ದರು. ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಹಾಗಂತ ನೇರವಾಗಿಯೇ ಹೇಳಿದೆ. ಯಾರಾದರೂ ಹಾಗೆ ಹೇಳಲಿ ಎಂದು ಅವರು ಕಾದಿದ್ದರು ಅನಿಸಿತು.

ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಅತ್ತೆಯ ಹೊಟ್ಟೆ. ಕೆಲವು ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಏಕಾಏಕಿ ಇಳಿಯುತ್ತದೆ. ಬೆವರು, ಕೈನಡುಕ, ತಲೆಸುತ್ತು ಕಂಡರೆ, ಎಚ್ಚರ ಇದ್ದಾಗ ಕೂಡಲೇ ಸಕ್ಕರೆ ನೀರು ಕುಡಿಸಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ನಾಳೆಯೇ ಡಾಕ್ಟರಿಗೆ ತೋರಿಸಿ, ನಂತರ ಇಲ್ಲಿಗೆ ಕರೆದುಕೊಂಡು ಬನ್ನಿ ಎಂದೆ.

ಅತ್ತೆ ಬಂದರು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಮುಖ ಗೋಡೆಯ ಕಡೆ.

“ಅದೇನ್ ರೊಟ್ಟೀನ್ರೀ? ಹಪ್ಪಳ ಅದು.”

ಬಹಳ ಹೊತ್ತು ರೊಟ್ಟಿಯ ಮೇಲೇ ಮಾತು. ನಾನು ತಡೆಯಲಿಲ್ಲ. ನಿಧಾನಕ್ಕೆ ಮಾತು ಹಳೇ ಬಾಗಲಕೋಟೆಗೆ ಹೋಯಿತು. ಆಲಮಟ್ಟಿ ಹಿನ್ನೀರಿಗೆ ಹೋದ ಮನೆ, ಪರಿಹಾರ, ನವನಗರದ ಸೈಟು. “ಅಲ್ಲಿ ಕಟ್ಟಿ ಮ್ಯಾಲ ಕುಂತ್ರ ಹೊತ್ತು ಹೋಗಿದ್ದ ತಿಳೀತಿದ್ದಿಲ್ಲ. ಇಲ್ಲೆ ಎಲ್ಲಾರ ಮನಿಗೂ ಕಂಪೌಂಡ್.” ತಂಗಿ ಇನ್ನೂ ಹಳೇ ಊರಿನಲ್ಲೇ ಇದ್ದಾರೆ. ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರುತ್ತದೆ ಎಂಬ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ, ಆಕೆಯ ಮನೆಯೂ ಹೋದರೆ ಎಂದು ಇವರಿಗೆ ನಿದ್ದೆ ಇಲ್ಲ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಕೊನೆಗೆ ಇಷ್ಟು ಹೇಳಿದರು: “ಆಕಿ ಬಡೀತಿದ್ಲು, ನಾ ಬಾಜೂಕ ಕುಂತು ಹಂಚಿನ ಮ್ಯಾಲಿನ ರೊಟ್ಟಿಗೆ ನೀರಿನ ಅರಿವಿ ಸವರತಿದ್ದೆ. ಅಷ್ಟ ಹೊತ್ತ ಆಕಿ ನನ್ನ ಜೋಡಿ ಮಾತಾಡ್ತಿದ್ಲು. ಈಗ ಅದೂ ಇಲ್ಲ.”

ಅವರ ಒಪ್ಪಿಗೆ ಕೇಳಿಯೇ ಈ ಮಾತನ್ನು ಸೊಸೆಗೆ ತಿಳಿಸಿದೆ. “ಯಾವಾಗ ಮುಗೀತದೋ ಅಂತ ನಾ ಗಡಿಯಾರ ನೋಡ್ತಿದ್ದೆ ರೀ. ಅವರು ಅದಕ್ಕ ಕಾಯ್ತಿದ್ರ?” ಎಂದರು.

ಇಷ್ಟಾದರೂ ನಾನು ‘ಮತ್ತೆ ರೊಟ್ಟಿ ಬಡಿಯಿರಿ’ ಅನ್ನಲಿಲ್ಲ. ಅತ್ತೆಯ ಒಂಟಿತನಕ್ಕೆ ಸೊಸೆಯ ಭುಜ ಬೆಲೆ ಕೊಡಬೇಕಾಗಿಲ್ಲ. ಅತ್ತೆಗೆ ಬೇಕಿದ್ದದ್ದು ಜೊತೆ, ಸೊಸೆಗೆ ಬೇಕಿದ್ದದ್ದು ಕೆಲಸದಲ್ಲಿ ಇನ್ನೊಂದು ಕೈ. ಆ ಕೈ ಮನೆಯಲ್ಲೇ ಇತ್ತು, ಏಳು ಗಂಟೆಯವರೆಗೆ ಮಲಗಿರುತ್ತಿತ್ತು.

ಗಂಡನನ್ನು ಕರೆಸಿದೆ. “ಹೆಂಗಸರ ವಿಷಯ ರೀ, ನಾ ನಡುವ ಬರೂದಿಲ್ಲ” ಎಂದರು. ಅವರಂಥವರು ಒಬ್ಬರಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ, ಗಂಡಸರು 97. ಅದೂ ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಇವರು ಆ 26ರಲ್ಲೂ ಇರಲಿಲ್ಲ. ನಳದ ನೀರು ತುಂಬುವುದು, ಮಕ್ಕಳನ್ನು ಎಬ್ಬಿಸಿ ತಯಾರು ಮಾಡುವುದು, ಡಬ್ಬಿ ಕಟ್ಟುವುದು ಇನ್ನು ನಿಮ್ಮ ಕೆಲಸ ಎಂದೆ. ‘ಸಹಾಯ’ ಅಲ್ಲ, ನಿಮ್ಮ ಪಾಲು ಎಂದೂ ಹೇಳಿದೆ.

ಇನ್ನೊಂದು ಸಂಗತಿಯೂ ಹೊರಬಿತ್ತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಮನೆಯ ಹಿರಿಯ ಹೆಣ್ಣೇ ಯಜಮಾನಿ. ಹೀಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೇ ಬರುತ್ತದೆ. ಎಟಿಎಂ ಕಾರ್ಡು ಮಾತ್ರ ಮಗನ ಪಾಕೀಟಿನಲ್ಲಿ! ಮನೆ ಖರ್ಚಿಗೇ ಹಾಕುತ್ತಿದ್ದರು, ನಿಜ. ಆದರೆ ಅವ್ವನನ್ನು ಒಂದು ಮಾತು ಕೇಳಿರಲಿಲ್ಲ. ಕಾರ್ಡು, ಪಾಸ್‌ಬುಕ್ ಎರಡನ್ನೂ ಅವರ ಕೈಗೆ ಕೊಡಿ ಎಂದೆ.

ರೊಟ್ಟಿ ಎಲ್ಲಿಂದ ತರಬೇಕು ಅನ್ನೋದನ್ನು ಅತ್ತೆಗೇ ಬಿಟ್ಟೆವು. ಹತ್ತಾರು ವರ್ಷ ರೊಟ್ಟಿ ಬಡಿದ ಕೈ ಅದು. ಅವರೇ ಹೋಗಿ ನೋಡಿ, ಹಿಟ್ಟು ಮುಟ್ಟಿ, ಮೆತ್ತನ್ನ ಬಿಸಿ ರೊಟ್ಟಿ ಕೊಡುವ ಹೆಣ್ಣುಮಗಳೊಬ್ಬಳನ್ನು ಗೊತ್ತು ಮಾಡಿದರು. ಸಂಜೆ ಶಾಲೆಯಿಂದ ಬಂದ ಮೇಲೆ ಸೊಸೆ ಅರ್ಧ ತಾಸು ಅತ್ತೆಯ ಜೊತೆ ಚಹಾ ಕುಡಿಯುತ್ತಾ ಕೂರಬೇಕು, ಕೈಯಲ್ಲಿ ಕೆಲಸವೂ ಬೇಡ, ಮೊಬೈಲೂ ಬೇಡ ಎಂದು ಮಾತಾಯಿತು. ತಂಗಿಯ ಮನೆಗೆ ಹೋಗಲು ಬಸ್ಸಿನ ಖರ್ಚೂ ಇಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ವಾ. ವಾರಕ್ಕೊಮ್ಮೆಯಾದರೂ ಹೋಗಿ ಬನ್ನಿ ಎಂದೆ. ನಿದ್ದೆ ಬಾರದಿರುವುದು, ಬೇಸರ ಹೀಗೇ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು ಎಂದು ಸೊಸೆಗೆ ಬರೆದುಕೊಟ್ಟೆ.

ಅತ್ತೆ ಈಗ ಉಣ್ಣುತ್ತಿದ್ದಾರೆ. ಶುಗರ್ ಹಿಡಿತಕ್ಕೆ ಬಂದಿದೆ. ರೊಟ್ಟಿ ದಪ್ಪ ಆಯ್ತು ಎಂಬ ತಕರಾರು ಇದ್ದೇ ಇದೆ, ಇರಲಿ. ಸೊಸೆಯ ಭುಜಕ್ಕೆ ವ್ಯಾಯಾಮ ನಡೆದಿದೆ. ಗಂಡ ಮಾತ್ರ ‘ಭಾನುವಾರ ಅಷ್ಟ ಮಾಡ್ತೀನ್ರೀ’ ಎಂದು ಜಾರಿಕೊಳ್ಳಲು ನೋಡುತ್ತಿದ್ದಾರೆ. ನಾನು ಒಪ್ಪಿಲ್ಲ. ಮುಂದಿನ ಸಲ ಅವರೊಬ್ಬರನ್ನೇ ಬರಲು ಹೇಳಿದ್ದೇನೆ.