ಮನೆಯಿಂದ ದುಡಿದರೆ ಕೆಲಸ ಜಾಸ್ತಿ ಆಗುತ್ತದಾ, ಆಫೀಸಿನಲ್ಲಾ?

ಕೆಲಸ ಎಂಥದ್ದು ಅಂತ ನೋಡಬೇಕು. ಚೀನಾದ ಟ್ರಾವೆಲ್ ಕಂಪನಿ ಸಿಟ್ರಿಪ್ 2010ರ ಕೊನೆಯಿಂದ ಒಂಬತ್ತು ತಿಂಗಳು ಕಾಲ್ ಸೆಂಟರಿನ ಒಂದಷ್ಟು ಜನರನ್ನು ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿಸಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ತಂಡ ಲೆಕ್ಕ ಹಾಕಿದಾಗ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ಮ್ಯಾಜಿಕ್ ಏನಿಲ್ಲ. ಮುಖ್ಯವಾಗಿ ಬ್ರೇಕು, ರಜೆ ಕಡಿಮೆಯಾಗಿ ಜನ ಜಾಸ್ತಿ ಹೊತ್ತು ಫೋನ್ ಹಿಡಿದಿದ್ದರು. ಪ್ರಮೋಷನ್‌ನಲ್ಲಿ ಮಾತ್ರ ಹಿಂದೆ ಬಿದ್ದರು. ಕಣ್ಣೆದುರು ಇಲ್ಲದವರು ಬಾಸಿಗೆ ನೆನಪಾಗುವುದಿಲ್ಲ, ಅಲ್ವಾ?

ಅದೇ ಕಂಪನಿ 2021ರಲ್ಲಿ ಇಂಜಿನಿಯರ್, ಮಾರ್ಕೆಟಿಂಗ್‌ನವರು ಸೇರಿ 1,612 ಜನರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಿತು. ಕೆಲಸ ಏರಲಿಲ್ಲ, ಇಳಿಯಲೂ ಇಲ್ಲ. ಕಂಪನಿ ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಮ್ಮಿಯಾದರು.

ನನಗಂತೂ ಕೋಡ್ ಬರೆಯಲು ಮನೆಯೇ ಸರಿ, ಕುಕ್ಕರ್ ಕೂಗಿದಾಗ ಮ್ಯೂಟ್ ಬಟನ್ ಹುಡುಕುವುದು ಬಿಟ್ಟರೆ. ಹೊಸಬರಿಗೆ ಕಲಿಸಲು ಆಫೀಸೇ ಬೇಕು.